ಮಲೆನಾಡಿನ ಮನೆಗೆ ಗ್ಯಾಸ್ ಹೀಟರ್: ಮೊದಲು ನೋಡಬೇಕಾದದ್ದು ಹೊಗೆ ಕೊಳವೆ

ಜೂನ್‌ನಲ್ಲಿ ಮಳೆ ಹಿಡಿಯಿತೆಂದರೆ ಮಡಿಕೇರಿ, ಸೋಮವಾರಪೇಟೆ, ಕೊಪ್ಪ, ಶೃಂಗೇರಿ ಕಡೆಯ ಮನೆಗಳಲ್ಲಿ ಥಂಡಿ ಗೋಡೆಯೊಳಗೇ ಸೇರಿಕೊಳ್ಳುತ್ತದೆ. ಬಟ್ಟೆ ಒಣಗುವುದಿಲ್ಲ, ಹಾಸಿಗೆ ತಣ್ಣಗೆ ಹಸಿಹಸಿ, ಕರೆಂಟು ಯಾವಾಗ ಬರುತ್ತದೋ ಹೇಳುವಂತಿಲ್ಲ. ಗ್ಯಾಸ್ ಹೀಟರ್ ಕೊಳ್ಳುವ ಯೋಚನೆ ಹುಟ್ಟುವುದು ಆಗಲೇ. ಅಂಗಡಿಯಲ್ಲಿ ಹೆಚ್ಚಾಗಿ ಸಿಗುವುದು ಒಂದೇ ಬಗೆ: ಚಕ್ರದ ಮೇಲೆ ನಿಂತ ಪೆಟ್ಟಿಗೆ, ಹಿಂದೆ ಸಿಲಿಂಡರ್ ಇಡುವ ಜಾಗ, ಮುಂದೆ ಕೆಂಪಗೆ ಕಾಯುವ ಮೂರು ಸೆರಾಮಿಕ್ ಫಲಕ. ಅದಕ್ಕೆ ಹೊಗೆ ಕೊಳವೆ ಇರುವುದಿಲ್ಲ. ಉರಿದು ಹುಟ್ಟಿದ್ದೆಲ್ಲ ಕೋಣೆಯಲ್ಲೇ ಉಳಿಯುತ್ತದೆ.

ಹುಟ್ಟುವುದೇನು ಎಂದು ಲೆಕ್ಕ ಹಾಕಿ ನೋಡಿ. ಒಂದು ಕೆ.ಜಿ. ಎಲ್‌ಪಿಜಿ ಪೂರ್ತಿ ಉರಿದರೆ ಸುಮಾರು 3 ಕೆ.ಜಿ. ಇಂಗಾಲದ ಡೈಆಕ್ಸೈಡ್ ಮತ್ತು ಸುಮಾರು 1.6 ಕೆ.ಜಿ. ನೀರಾವಿ ಬರುತ್ತದೆ. ಮೂರೂ ಫಲಕ ಉರಿದಾಗ 4.2 ಕಿಲೋವಾಟ್ ಕೊಡುವ ಹೀಟರ್ ಗಂಟೆಗೆ 300 ಗ್ರಾಂ ಆಸುಪಾಸು ಗ್ಯಾಸ್ ತಿನ್ನುತ್ತದೆ. ಅಂದರೆ ಗಂಟೆಗೆ ಹತ್ತಿರ ಹತ್ತಿರ ಅರ್ಧ ಲೀಟರ್ ನೀರು. ಸಂಜೆ ಐದು ಗಂಟೆ ಉರಿಸಿದರೆ ಎರಡು ಲೀಟರಿಗೂ ಮೇಲೆ. ಮೊದಲೇ ತೇವದಿಂದ ತುಂಬಿರುವ ಗಾಳಿಗೆ ಇಷ್ಟು ಆವಿ ಸೇರಿದರೆ ಅದು ತಣ್ಣಗಿರುವ ಜಾಗ ಹುಡುಕಿ ಕೂರುತ್ತದೆ: ಬೀರುವಿನ ಹಿಂದಿನ ಗೋಡೆ, ಕಿಟಕಿಯ ಗಾಜು, ಹಂಚಿನ ಅಡಿಭಾಗ. ಹೀಟರ್ ತಂದ ಮೇಲೆ ಬೂಷ್ಟು ಹೆಚ್ಚಾಯಿತು ಎಂಬ ದೂರಿಗೆ ಕಾರಣ ಇದೇ. ಹೀಟರ್ ಕೆಟ್ಟಿರಬೇಕಿಲ್ಲ, ಸರಿಯಾಗಿ ಉರಿದರೂ ಇಷ್ಟು ನೀರು ಬಂದೇ ಬರುತ್ತದೆ.

ಇನ್ನು ಗಾತ್ರದ ಮಾತು. 12x14 ಅಡಿಯ, 10 ಅಡಿ ಎತ್ತರದ ಕೋಣೆಯೆಂದರೆ ಸುಮಾರು 48 ಘನ ಮೀಟರ್. ಜಂಬಿಟ್ಟಿಗೆ ಗೋಡೆ, ಮೇಲೆ ಬರಿ ಹಂಚು ಇದ್ದರೆ, ಹೊರಗಿಗಿಂತ 10 ಡಿಗ್ರಿ ಬೆಚ್ಚಗಿಡಲು ಕನಿಷ್ಠ 2 ಕಿಲೋವಾಟ್ ಬೇಕು. ಹಂಚಿನ ಸಂದಿಯಲ್ಲಿ ಗಾಳಿ ಜೋರಾಗಿ ನುಗ್ಗುತ್ತಿದ್ದರೆ ಎಷ್ಟಿದ್ದರೂ ಸಾಲದು. ಅದೇ ಕೋಣೆಗೆ ಹಲಗೆಯ ಮುಚ್ಚಿಗೆ ಹಾಕಿದರೆ ಒಂದೂಕಾಲು, ಒಂದೂವರೆ ಕಿಲೋವಾಟ್ ಸಾಕಾಗುತ್ತದೆ. ಹೀಟರಿಗೆ ಎತ್ತಿಟ್ಟ ಹಣದಲ್ಲಿ ಮೊದಲ ಪಾಲು ಮುಚ್ಚಿಗೆಗೆ ಹೋಗಲಿ ಎಂದು ನಾನು ಒತ್ತಿ ಹೇಳುವುದು ಇದಕ್ಕೇ. ಮುಚ್ಚಿಗೆ ಹಾಕಿಸಲು ಆಗದಿದ್ದರೆ ಗಾಳಿ ಕಾಯಿಸುವ ಹೀಟರ್ ಬೇಡ, ಕಾದ ಗಾಳಿ ನೇರ ಹಂಚಿಗೆ ಏರಿ ಹೊರಟುಹೋಗುತ್ತದೆ. ಎದುರಿಗೆ ಕೂತವರ ಮೈಗೆ ನೇರವಾಗಿ ಶಾಖ ಕೊಡುವ ಫಲಕದ ಬಗೆಯೇ ಅಲ್ಲಿ ಉಪಯೋಗಕ್ಕೆ ಬರುವುದು.

ಕೊಳವೆಯಿಲ್ಲದ ಹೀಟರಿನ ಕೈಪಿಡಿಯಲ್ಲಿ ಕೋಣೆ ಕನಿಷ್ಠ ಎಷ್ಟು ದೊಡ್ಡದಿರಬೇಕು ಎಂದು ಬರೆದಿರುತ್ತದೆ. ಕಿಲೋವಾಟಿಗೆ 20 ಘನ ಮೀಟರ್ ಎಂಬ ಲೆಕ್ಕ ಹಲವು ಕೈಪಿಡಿಗಳಲ್ಲಿದೆ. ಹಾಗೆ ನೋಡಿದರೆ 4.2 ಕಿಲೋವಾಟಿನ ಪೆಟ್ಟಿಗೆಗೆ 84 ಘನ ಮೀಟರ್, ಎಂದರೆ ಅದೇ 10 ಅಡಿ ಎತ್ತರದ 17x18 ಅಡಿಯ ಹಾಲ್ ಬೇಕು. ಮೇಲೆ ಹೇಳಿದ ಕೋಣೆಯಲ್ಲಿ ಅದನ್ನು ಪೂರ್ತಿ ಉರಿಸುವಂತಿಲ್ಲ. ಜೊತೆಗೆ ಕಿಲೋವಾಟಿಗೆ 25 ಚದರ ಸೆಂ.ಮೀ. ಲೆಕ್ಕದಲ್ಲಿ ಗಾಳಿಕಂಡಿ, ಅರ್ಧ ನೆಲದ ಬಳಿ, ಅರ್ಧ ಮೇಲೆ. ಚಳಿಯೆಂದು ಈ ಕಂಡಿಗೆ ಬಟ್ಟೆ ತುರುಕುವುದು ಅನಾಹುತಕ್ಕೆ ದಾರಿ. ಮಲಗುವ ಕೋಣೆಗೆ ಇಂಥ ಹೀಟರ್ ಎಷ್ಟೇ ಚಿಕ್ಕದಿರಲಿ ಸಲ್ಲದು.

ದಿನವೂ ಗಂಟೆಗಟ್ಟಲೆ ಉರಿಸಬೇಕಾದ ಮನೆಗೆ ನನ್ನ ಆಯ್ಕೆ ಗೋಡೆಗೆ ಕೂರಿಸುವ, ಕೊಳವೆಯೊಳಗೊಂದು ಕೊಳವೆಯಿರುವ ಹೀಟರ್. ಅದು ಉರಿಯಲು ಬೇಕಾದ ಗಾಳಿಯನ್ನು ಹೊರಗಿಂದ ಎಳೆದುಕೊಂಡು, ಹೊಗೆಯನ್ನೂ ಆವಿಯನ್ನೂ ಹೊರಗೇ ಬಿಡುತ್ತದೆ. ಕೋಣೆಯ ಗಾಳಿಗೂ ಉರಿಗೂ ಸಂಬಂಧವೇ ಇಲ್ಲ. ಹುಡುಕಿ ತರಿಸಬೇಕು, ಹೊರಗೋಡೆಗೆ ರಂಧ್ರ ಕೊರೆಯಬೇಕು, ಕೊಳವೆಯ ಬಾಯಿ ಕಿಟಕಿಯಿಂದ ದೂರವಿರಬೇಕು, ಮಳೆಗಾಳಿ ನೇರ ಹೊಡೆಯುವ ಕಡೆ ಇರಬಾರದು. ಇಷ್ಟೆಲ್ಲ ತಾಪತ್ರಯ ಪಟ್ಟರೂ ಲಾಭವೇ.

ಯಾವುದನ್ನೇ ಕೊಳ್ಳಿ, ಹಿಂದಿನ ತಗಡಿನ ಫಲಕ ಓದದೆ ಹಣ ಕೊಡಬೇಡಿ. ನಮ್ಮ ಮನೆಬಳಕೆಯ ರೆಗ್ಯುಲೇಟರ್ ಕೊಡುವ ಒತ್ತಡ ಸುಮಾರು 30 ಮಿಲಿಬಾರ್. 37 ಅಥವಾ 50 ಮಿಲಿಬಾರಿಗೆ ಮಾಡಿದ ಆಮದು ಹೀಟರಿಗೆ ಅದನ್ನು ಸಿಕ್ಕಿಸಿದರೆ ಉರಿ ಸೊರಗುತ್ತದೆ. ಪೈಪ್ ಗ್ಯಾಸಿಗೆ ಮಾಡಿದ್ದನ್ನು ಸಿಲಿಂಡರಿಗೆ ಜೋಡಿಸುವುದು ಇನ್ನೂ ಕೆಟ್ಟದ್ದು: ಅದರ ಜೆಟ್‌ನ ತೂತು ದೊಡ್ಡದು, ಗ್ಯಾಸ್ ಮಿತಿಮೀರಿ ನುಗ್ಗಿ ಹಳದಿ ಉರಿ, ಮಸಿ, ಕಾರ್ಬನ್ ಮೊನಾಕ್ಸೈಡ್ ಎಂಬ ವಿಷಾನಿಲ ಎಲ್ಲವೂ ಬರುತ್ತವೆ.

ಕೊಳವೆಯಿಲ್ಲದ ಹೀಟರಿನಲ್ಲಿ ಮೂರು ರಕ್ಷಣೆ ಇರಲೇಬೇಕು. ಉರಿ ಆರಿದರೆ ಗ್ಯಾಸ್ ನಿಲ್ಲಿಸುವ ಥರ್ಮೋಕಪಲ್, ವಾಲಿದರೆ ಆರಿಸುವ ಸ್ವಿಚ್, ಆಮ್ಲಜನಕ ತಗ್ಗಿದರೆ ಆರಿಸುವ ಪೈಲಟ್ ಎಂಬ ಪುಟ್ಟ ಉರಿ. ಗಾಳಿಯಲ್ಲಿ ಸಾಮಾನ್ಯವಾಗಿ 21% ಇರುವ ಆಮ್ಲಜನಕ 18%ರ ಹತ್ತಿರ ಇಳಿದಾಗ ಪೈಲಟ್ ಉರಿ ಥರ್ಮೋಕಪಲ್‌ನ ತುದಿ ಬಿಟ್ಟು ಮೇಲೇಳುತ್ತದೆ; ತುದಿ ತಣ್ಣಗಾಗಿ ಗ್ಯಾಸ್ ಮುಚ್ಚುತ್ತದೆ. ಹೀಟರ್ ಮತ್ತೆ ಮತ್ತೆ ಆರುತ್ತಿದ್ದರೆ ಮೊದಲು ಕಿಟಕಿ ತೆಗೆಯಿರಿ. ಗಾಳಿ ಚೆನ್ನಾಗಿ ಆಡುತ್ತಿದ್ದೂ ಆರಿದರೆ ಪೈಲಟ್‌ನ ಗಾಳಿತೂತಿಗೆ ಧೂಳು ಕಟ್ಟಿರುತ್ತದೆ, ಇಲ್ಲವೇ ಥರ್ಮೋಕಪಲ್ ಸವೆದಿರುತ್ತದೆ. ಎರಡನ್ನೂ ಸರಿಪಡಿಸಬಹುದು. ತಂತಿ ಸುತ್ತಿ ಆ ರಕ್ಷಣೆಯನ್ನೇ ತಪ್ಪಿಸಿ ಕೊಡುವ ರಿಪೇರಿಯವರಿದ್ದಾರೆ; ಅವರ ಕೈಗೆ ಹೀಟರ್ ಕೊಡಬೇಡಿ.

ಇನ್ನೊಂದು ಉಪದ್ರವ ಜೇಡ. ಬೇಸಿಗೆಯಿಡೀ ಮೂಲೆಯಲ್ಲಿದ್ದ ಹೀಟರಿನ ಬರ್ನರ್ ಕೊಳವೆಯೊಳಗೆ ಅದು ಬಲೆ ಕಟ್ಟಿರುತ್ತದೆ. ಗಾಳಿ ಸರಿಯಾಗಿ ಬೆರೆಯದೆ ಫಲಕ ಅಲ್ಲಲ್ಲಿ ಕಪ್ಪಾಗುತ್ತದೆ, ಹಳದಿ ನಾಲಗೆ ಏಳುತ್ತದೆ, ಕಣ್ಣು ಉರಿಯುತ್ತದೆ. ಮಳೆಗಾಲಕ್ಕೆ ಮೊದಲು ಬಿಚ್ಚಿಸಿ ಊದಿಸಿ. ಬಿರುಕು ಬಿಟ್ಟ ಫಲಕವನ್ನು ಬದಲಿಸಲೇಬೇಕು, ಉರಿ ಒಳಗೆ ಹಿಮ್ಮುಖವಾಗಿ ಹೊಕ್ಕೀತು.

ಖರ್ಚಿನ ವಿಷಯಕ್ಕೆ ಬಂದರೆ, 14.2 ಕೆ.ಜಿ. ಸಿಲಿಂಡರ್ ಮೂರೂ ಫಲಕಕ್ಕೆ 47 ಗಂಟೆ, ಒಂದೇ ಫಲಕಕ್ಕೆ 140 ಗಂಟೆಯ ಆಸುಪಾಸು ಬರುತ್ತದೆ. ರಬ್ಬರ್ ಪೈಪಿಗೆ ಐಎಸ್‌ಐ ಗುರುತಿರಲಿ, ಐದು ವರ್ಷಕ್ಕೊಮ್ಮೆ ಬದಲಿಸಿ. ಜೋಡಣೆಗಳಿಗೆ ಸೋಪಿನ ನೊರೆ ಹಚ್ಚಿ ಗುಳ್ಳೆ ಏಳುತ್ತದೆಯೇ ನೋಡಿ.

ಎಚ್ಚರಿಕೆಯ ಗಂಟೆಗಳು ಎರಡು ಬೇಕು, ಒಂದು ಇನ್ನೊಂದರ ಕೆಲಸ ಮಾಡುವುದಿಲ್ಲ. ಎಲ್‌ಪಿಜಿ ಗಾಳಿಗಿಂತ ಭಾರ, ಸೋರಿದರೆ ನೆಲದಲ್ಲಿ ಹರಡುತ್ತದೆ. ಅದರ ಅಲಾರಂ ನೆಲದಿಂದ ಒಂದಡಿ ಎತ್ತರದಲ್ಲಿರಲಿ. ಕಾರ್ಬನ್ ಮೊನಾಕ್ಸೈಡಿಗೆ ವಾಸನೆಯಿಲ್ಲ, ಬಣ್ಣವಿಲ್ಲ, ಗಾಳಿಯಷ್ಟೇ ತೂಕ. ಅದರ ಅಲಾರಂ ಕೂತವರ ಮುಖದ ಎತ್ತರಕ್ಕೆ, ಹೀಟರಿನಿಂದ ಒಂದರಿಂದ ಮೂರು ಮೀಟರ್ ದೂರದಲ್ಲಿ. ಯುರೋಪಿನ ಮಾನದಂಡವಾದ ಇಎನ್ 50291 ಎಂದು ಬರೆದಿರುವುದನ್ನು ಕೊಂಡರೆ 300 ಪಿಪಿಎಂ (ಗಾಳಿಯ ಹತ್ತು ಲಕ್ಷ ಪಾಲಿನಲ್ಲಿ 300 ಪಾಲು) ಮುಟ್ಟಿದ ಮೂರು ನಿಮಿಷದೊಳಗೆ ಕೂಗುತ್ತದೆ. ಮನೆಮಂದಿಗೆಲ್ಲ ಒಟ್ಟಿಗೇ ತಲೆನೋವು, ವಾಕರಿಕೆ, ಮಂಪರು ಬಂದು, ಹೊರಗೆ ಹೋದಾಗ ಕಡಿಮೆಯಾದರೆ ಅದನ್ನು ಶೀತ ಎಂದುಕೊಳ್ಳಬೇಡಿ. ಹೀಟರ್ ಆರಿಸಿ, ಎಲ್ಲರನ್ನೂ ಜಗಲಿಗೆ ಕರೆತಂದು, ನೇರ ಆಸ್ಪತ್ರೆಗೆ ಹೋಗಿ. ಗ್ಯಾಸಿನ ವಾಸನೆಯೇ ಬಂದರೆ ಸ್ವಿಚ್ ಮುಟ್ಟದೆ ರೆಗ್ಯುಲೇಟರ್ ಮುಚ್ಚಿ, ಬಾಗಿಲು ಕಿಟಕಿ ತೆರೆದು, ಹೊರಗೆ ನಿಂತು 1906ಕ್ಕೆ ಕರೆ ಮಾಡಿ.