ಮಂಗಳೂರಿನ ಜಾರ್ಜ್ ಫರ್ನಾಂಡಿಸರನ್ನು ಗೆಲ್ಲಿಸಿದ್ದು ಬಿಹಾರವೇಕೆ?

ಪ್ರಶ್ನೆ: ಚಿಕ್ಕಮಗಳೂರಿನ 1978ರ ಉಪಚುನಾವಣೆಯ ಮಾತು ಬಂದಾಗಲೆಲ್ಲ ಹಿರಿಯರು ಜಾರ್ಜ್ ಫರ್ನಾಂಡಿಸರ ಹೆಸರೆತ್ತುತ್ತಾರೆ. ನಮ್ಮವರೇ ಆದ ಈ ಕಾರ್ಮಿಕ ನಾಯಕರು ಕರ್ನಾಟಕದಿಂದ ಒಮ್ಮೆಯೂ ಲೋಕಸಭೆಗೆ ಆರಿಸಿಬರಲಿಲ್ಲವೇಕೆ?
– ಮೂಡಿಗೆರೆಯ ಓದುಗರೊಬ್ಬರು

ಉತ್ತರ: ಆರಿಸಿಬರಲಿಲ್ಲವೆಂಬುದು ನಿಜ, ಆದರೆ ಪ್ರಯತ್ನಿಸಲಿಲ್ಲವೆಂದಲ್ಲ. 1984ರಲ್ಲಿ ಅವರು ಬೆಂಗಳೂರು ಉತ್ತರದಿಂದ ಸ್ಪರ್ಧಿಸಿ ಸಿ.ಕೆ. ಜಾಫರ್ ಷರೀಫ್ ಅವರೆದುರು ಸೋತರು. ಕಾರಣವನ್ನು ಅವರ ಹುಟ್ಟೂರಿನಲ್ಲಿ ಹುಡುಕುವುದಕ್ಕಿಂತ ಅವರು ದುಡಿದ ಊರಿನಲ್ಲಿ ಹುಡುಕುವುದು ಸರಿ.

1930ರಲ್ಲಿ ಮಂಗಳೂರಿನಲ್ಲಿ ಹುಟ್ಟಿದ ಫರ್ನಾಂಡಿಸರು, ಪಾದ್ರಿಯಾಗಲೆಂದು ಬೆಂಗಳೂರಿನ ಸೆಮಿನರಿ ಸೇರಿ, ಅಲ್ಲಿ ಮನಸ್ಸು ನಿಲ್ಲದೆ ಹೊರಬಿದ್ದು, 1949ರಲ್ಲಿ ಕೆಲಸ ಹುಡುಕುತ್ತ ಮುಂಬೈ ತಲುಪಿದರು. ಬಂದರು ಕಾರ್ಮಿಕರ ಮುಖಂಡ ಪ್ಲಾಸಿಡ್ ಡಿಮೆಲ್ಲೊ ಅವರ ಗರಡಿಯಲ್ಲಿ ಪಳಗಿ, ಮುಂದೆ ಟ್ಯಾಕ್ಸಿ ಚಾಲಕರನ್ನೂ ನಗರಪಾಲಿಕೆಯ ನೌಕರರನ್ನೂ ಸಂಘಟಿಸಿದ ಅವರು 1967ರಲ್ಲಿ, ಮುಂಬೈಯ ಮುಕುಟವಿಲ್ಲದ ದೊರೆ ಎನಿಸಿದ್ದ ಕಾಂಗ್ರೆಸ್ ಮುಖಂಡ ಎಸ್.ಕೆ. ಪಾಟೀಲರನ್ನು ಸೋಲಿಸಿ ಲೋಕಸಭೆಗೆ ಹೋದರು. ಅದೇ ಮುಂಬೈ 1971ರಲ್ಲಿ ಅವರನ್ನು ಸೋಲಿಸಿತು. ಯೂನಿಯನ್ನಿಗೆ ಚಂದಾ ಕೊಡುವ ಕೈ ಮತಪತ್ರದ ಮೇಲೂ ಅದೇ ಮುದ್ರೆ ಒತ್ತಬೇಕೆಂದೇನೂ ಇಲ್ಲವಲ್ಲ.

ದೇಶವ್ಯಾಪಿ ಹೆಸರು ತಂದುಕೊಟ್ಟದ್ದು ಅವರ ನಾಯಕತ್ವದಲ್ಲಿ 1974ರ ಮೇ 8ರಂದು ಆರಂಭವಾದ, ಸುಮಾರು 17 ಲಕ್ಷ ನೌಕರರು ಪಾಲ್ಗೊಂಡ ರೈಲ್ವೆ ಮುಷ್ಕರ. ಬೇಡಿಕೆಗಳು ಈಡೇರದೆ, ಮೂರು ವಾರದೊಳಗೆ ಅದು ಮುಗಿಯಿತು. ಬೀರೂರು, ಅರಸೀಕೆರೆ ಜಂಕ್ಷನ್ನುಗಳ ರೈಲ್ವೆ ಕ್ವಾರ್ಟರ್ಸುಗಳಲ್ಲೂ ಅವರ ಹೆಸರು ಆಗ ಮನೆಮಾತಾಗಿರಲೇಬೇಕು. ತುರ್ತುಪರಿಸ್ಥಿತಿಯಲ್ಲಿ ಭೂಗತರಾಗಿ, 1976ರಲ್ಲಿ ಬಂಧಿತರಾಗಿ, ಸರ್ಕಾರವನ್ನು ವಿರೋಧಿಸಲು ಸ್ಫೋಟಗಳ ಸಂಚು ಹೂಡಿದರೆಂಬ ಬರೋಡಾ ಡೈನಮೈಟ್ ಪ್ರಕರಣದ ಆರೋಪಿಯಾಗಿ ಸೆರೆಯಲ್ಲಿದ್ದಾಗಲೇ ಅವರು 1977ರಲ್ಲಿ ಬಿಹಾರದ ಮುಜಫ್ಫರಪುರದಿಂದ ಮೂರು ಲಕ್ಷಕ್ಕೂ ಹೆಚ್ಚಿನ ಅಂತರದಲ್ಲಿ ಗೆದ್ದರು. ಜಯಪ್ರಕಾಶ ನಾರಾಯಣರ ಚಳವಳಿ ಹದಮಾಡಿದ್ದ ನೆಲ ಅದು. ಬೇಡಿ ತೊಟ್ಟ ಕೈ ಎತ್ತಿದ ಅವರ ಚಿತ್ರವೇ ಅಲ್ಲಿ ಪ್ರಚಾರಕ್ಕೆ ಸಾಕಾಯಿತು.

ಚಿಕ್ಕಮಗಳೂರಿನ ಸ್ಥಿತಿ ಬೇರೆಯಿತ್ತು. ಡಿ.ಬಿ. ಚಂದ್ರೇಗೌಡರು ತೆರವು ಮಾಡಿದ ಸ್ಥಾನಕ್ಕೆ ಇಂದಿರಾ ಗಾಂಧಿ ನಿಂತಾಗ, ಕೇಂದ್ರದ ಕೈಗಾರಿಕಾ ಸಚಿವರಾಗಿದ್ದ ಫರ್ನಾಂಡಿಸರು ಜನತಾ ಪಕ್ಷದ ವೀರೇಂದ್ರ ಪಾಟೀಲರ ಪರವಾಗಿ ಇಲ್ಲಿ ಪ್ರಚಾರ ನಡೆಸಿದರು. ಆದರೆ ಇಲ್ಲಿನ ದುಡಿಮೆಗಾರರು ಬಂದರಿನವರೂ ಅಲ್ಲ, ರೈಲ್ವೆಯವರೂ ಅಲ್ಲ. ಬಹುಪಾಲು ಜನ ಕಾಫಿ ತೋಟಗಳ ಲೈನ್ ಮನೆಗಳವರು. ಜಿಲ್ಲಾ ಕೇಂದ್ರಕ್ಕೆ ರೈಲು ಬಂದದ್ದೇ 2013ರಲ್ಲಿ. ಇಂದಿರಾ ಅವರ ಪಕ್ಷದವರೇ ಆಗಿದ್ದ ಮುಖ್ಯಮಂತ್ರಿ ದೇವರಾಜ ಅರಸರ ಭೂಸುಧಾರಣೆಯ ನೆನಪು ಹಸಿಯಾಗಿದ್ದ ಕಾಲದಲ್ಲಿ, ಎಲ್ಲೋ ನಡೆದ ಮುಷ್ಕರದ ಕೀರ್ತಿ ಈ ಜನರ ಮನಸ್ಸನ್ನು ಬದಲಿಸುವುದು ಕಷ್ಟವಿತ್ತೆಂದು ನನ್ನ ಎಣಿಕೆ. ಇಂದಿರಾ ಅವರು 70 ಸಾವಿರಕ್ಕೂ ಹೆಚ್ಚು ಮತಗಳಿಂದ ಗೆದ್ದರು.

ಬೆಂಗಳೂರಿನ ಸೋಲಿನ ಬಳಿಕ ಫರ್ನಾಂಡಿಸರು ಬಿಹಾರಕ್ಕೇ ಮರಳಿದರು. ರೈಲ್ವೆ ಮುಷ್ಕರದ ನಾಯಕ 1989ರಲ್ಲಿ ರೈಲ್ವೆ ಸಚಿವರೇ ಆಗಿ, ತಮ್ಮ ಹುಟ್ಟೂರನ್ನು ಮುಂಬೈಗೆ ಜೋಡಿಸುವ ಕೊಂಕಣ ರೈಲ್ವೆ ಯೋಜನೆಗೆ ಚಾಲನೆ ಕೊಟ್ಟಾಗಲೂ, ಕಾರ್ಗಿಲ್ ಯುದ್ಧದ ವೇಳೆ ರಕ್ಷಣಾ ಸಚಿವರಾಗಿದ್ದಾಗಲೂ ಅವರು ಬಿಹಾರದ ಸಂಸದರೇ ಆಗಿದ್ದರು. 2009ರಲ್ಲಿ ಮುಜಫ್ಫರಪುರವೂ ಅವರನ್ನು ಸೋಲಿಸಿತು. ಅದೇ ವರ್ಷ ಅವರು ಕೊನೆಯ ಬಾರಿಗೆ ಸಂಸತ್ತು ಪ್ರವೇಶಿಸಿದ್ದೂ ಬಿಹಾರದಿಂದ, ರಾಜ್ಯಸಭೆಯ ಮೂಲಕ.