ಮುರಿದ ಪಿನ್ನು, ಮೂಕಾದ ಲ್ಯಾಪ್‌ಟಾಪು

ಧಾರವಾಡದ ಸಪ್ತಾಪುರದಲ್ಲಿ ರೂಮ್ ಮಾಡಿಕೊಂಡು ಪರೀಕ್ಷೆಗೆ ಓದುತ್ತಿರುವ ಅಣ್ಣನ ಮಗಳು ಫೋನ್ ಮಾಡಿದಳು. "ಕಾಕಾ, ಇಯರ್‌ಫೋನ್ ಪಿನ್ ಮುರದು ಲ್ಯಾಪ್‌ಟಾಪ್ ಒಳಗ ಸಿಕ್ಕೊಂಡೈತಿ. ವಾಲ್ಯೂಮ್ ಫುಲ್ ಇಟ್ರೂ ಸೌಂಡ್ ಬರವಲ್ದು." ಮಂಚದ ಮೇಲೆ ಇಟ್ಟುಕೊಂಡು ಕ್ಲಾಸ್ ಕೇಳುತ್ತಿದ್ದಳಂತೆ. ಲ್ಯಾಪ್‌ಟಾಪ್ ವಾಲಿತು, ಪಿನ್ನಿನ ಮೇಲೆ ಭಾರ ಬಿತ್ತು, ಟಕ್ ಅಂತು.

ಪಿನ್ ಮುರಿದರೆ ಇಯರ್‌ಫೋನ್ ಕೆಡಬೇಕು, ಸರಿ. ಲ್ಯಾಪ್‌ಟಾಪಿನ ಸ್ವಂತ ಸ್ಪೀಕರ್ ಯಾಕೆ ಮೂಕಾಗಬೇಕು?

ಆ ತೂತಿನೊಳಗೆ ಒಂದು ಪುಟ್ಟ ಸ್ವಿಚ್ ಇರುತ್ತದೆ. ಪಿನ್ನು ಒಳಗೆ ಬಂದು ಅದನ್ನು ಒತ್ತಿದರೆ ಇಯರ್‌ಫೋನ್ ಬಂತು ಅಂತ ಲೆಕ್ಕ, ಸ್ಪೀಕರ್ ಬಂದ್. ಒಳಗಿರುವುದು ಇಡೀ ಪಿನ್ನೋ, ವೈರೇ ಇಲ್ಲದ ಚೂರೋ ಅನ್ನೋದು ಸ್ವಿಚ್ಚಿಗೆ ಗೊತ್ತಾಗೋದಿಲ್ಲ. ಬ್ಲೂಟೂತ್ ಮತ್ತು ಯುಎಸ್‌ಬಿ ದಾರಿಗಳು ಬೇರೆ, ಅವು ಕೆಲಸ ಮಾಡುತ್ತವೆ. ಅವಸರ ಇದ್ದವರಿಗೆ ಅಷ್ಟು ಸಾಕು.

ಚೂರು ಬೋರಲು ಹಾಕಿ ಕುಟ್ಟಿದರೂ ಬೀಳೋದಿಲ್ಲ. ಇದರ ಕಾರಣ ತುಂಬ ಹಳೆಯದು. ಈ 3.5 ಮಿಲಿಮೀಟರ್ ಪಿನ್ನಿನ ಅಜ್ಜ 6.35 ಮಿಲಿಮೀಟರಿನದು, ಟೆಲಿಫೋನ್ ಎಕ್ಸ್‌ಚೇಂಜಿನದು. 19ನೇ ಶತಮಾನದ ಕೊನೆಗೆ ಆಪರೇಟರುಗಳು ಬೋರ್ಡಿನ ಮುಂದೆ ಕೂತು, ಪಿನ್ನು ಚುಚ್ಚಿ ಕಿತ್ತು ಒಬ್ಬರ ಕರೆಯನ್ನು ಇನ್ನೊಬ್ಬರಿಗೆ ಸೇರಿಸುತ್ತಿದ್ದರು. ಟ್ರಂಕ್ ಕಾಲ್ ಬುಕ್ ಮಾಡಿ ತಾಸುಗಟ್ಟಲೆ ಕಾದ ನಮ್ಮ ಹಿರಿಯರಿಗೆ ಆ ಪದ್ಧತಿ ನೆನಪಿರಬಹುದು. ಕರೆಯ ನಡುವೆ ಪಿನ್ನು ಜಾರಬಾರದು, ಆದರೆ ಕೈಯಿಂದ ಎಳೆದರೆ ಸುಲಭವಾಗಿ ಬರಬೇಕು. ಅದಕ್ಕೇ ತುದಿಯ ಹಿಂದೆ ಒಂದು ಕಚ್ಚು. ಸ್ಪ್ರಿಂಗಿನ ಪಟ್ಟಿ ಆ ಕಚ್ಚಿನಲ್ಲಿ ಕೂತಾಗ ಬರುವ ಸದ್ದೇ ನಮ್ಮ 'ಕ್ಲಿಕ್'. 1979ರ ವಾಕ್‌ಮನ್ ಬಂದ ಮೇಲೆ ಸಣ್ಣ ಪಿನ್ನು ಎಲ್ಲರ ಕೈಗೂ ಬಂತು, ಕಚ್ಚೂ ಜೊತೆಗೇ ಬಂತು. ಈಗ ಪಟ್ಟಿ ತನ್ನ ಕೆಲಸ ಸರಿಯಾಗಿಯೇ ಮಾಡುತ್ತಿದೆ. ಎಳೆಯೋಕೆ ಹಿಡಿಯೇ ಇಲ್ಲ, ಅಷ್ಟೇ.

ಮುರಿಯೋದು ಸಾಮಾನ್ಯವಾಗಿ ಕಪ್ಪು ಉಂಗುರದ ಹತ್ತಿರ. ಪಿನ್ನು ಒಂದೇ ಗಟ್ಟಿ ಕಡ್ಡಿ ಅಲ್ಲ. ನಡುವೆ ಸಪೂರ ಸಲಾಕೆ, ಅದರ ಸುತ್ತ ಪ್ಲಾಸ್ಟಿಕ್, ಅದರ ಮೇಲೆ ಲೋಹದ ಕೊಳವೆ, ಹೀಗೆ ಒಂದರೊಳಗೊಂದು. ಉಂಗುರ ಇರುವಲ್ಲಿ ಹೊರಗಿನ ಲೋಹ ತುಂಡಾಗಿರುತ್ತದೆ, ಭಾರವೆಲ್ಲ ಒಳಗಿನ ಸಲಾಕೆಗೆ. ದುಂಡು ಕಡ್ಡಿಯ ದಪ್ಪ ಅರ್ಧ ಆದರೆ ಬಾಗುವಿಕೆ ತಾಳುವ ಬಲ ಎಂಟನೇ ಒಂದು ಭಾಗಕ್ಕೆ ಇಳಿಯುತ್ತದೆ. ಮೊಬೈಲಿನ ಮೈಕ್ ಇರುವ ಪಿನ್ನಿಗೆ ಮೂರು ಉಂಗುರ, ಅಂದರೆ ಇನ್ನೂ ತೆಳು ಗೋಡೆಗಳು.

ಅವತ್ತಿನ ಹೊರಳಾಟ ಒಂದೇ ಕಾರಣ ಅಂತಲೂ ಅನ್ನಿಸುವುದಿಲ್ಲ. ದಿನಾ ಮಂಚದ ಮೇಲೆ ಸ್ವಲ್ಪ ಸ್ವಲ್ಪ ಬಾಗಿ ಒಳಗೆ ಬಿರುಕು ಬೆಳೆದಿರಬೇಕು. ಇದನ್ನು ಹುಬ್ಬಳ್ಳಿಯವರಿಗೆ ಹೇಳೋದು ಸುಲಭ. ನಮ್ಮಲ್ಲಿ 1885ರ ರೈಲ್ವೆ ವರ್ಕ್‌ಶಾಪ್ ಇದೆ, ಲೋಹದ ಈ ದಣಿವಿನ ಪಾಠವನ್ನು ಜಗತ್ತು ಹೆಚ್ಚಾಗಿ ಕಲಿತದ್ದೂ ರೈಲಿನಿಂದಲೇ. ಏನೂ ಜಾಸ್ತಿ ಭಾರ ಇಲ್ಲದ ಗಾಲಿಯ ಅಚ್ಚುಗಳು ವರ್ಷಗಟ್ಟಲೆ ಓಡಿ ಒಮ್ಮೆಲೇ ಮುರಿಯುತ್ತಿದ್ದವು. ಸಣ್ಣ ಭಾರವೇ ಮತ್ತೆ ಮತ್ತೆ ಬಿದ್ದರೂ ಲೋಹ ಮುರಿಯುತ್ತದೆ ಅಂತ ಜರ್ಮನಿಯ ಆಗಸ್ಟ್ ವೋಲರ್ 1850–60ರ ದಶಕಗಳಲ್ಲಿ ಪ್ರಯೋಗ ಮಾಡಿ ತೋರಿಸಿದರು. ದಪ್ಪ ಥಟ್ಟನೆ ಬದಲಾಗುವ ಕಡೆ ಈ ಕಾಟ ಜಾಸ್ತಿ. ಅಚ್ಚಿನಲ್ಲೂ ಹಾಗೇ, ಪಿನ್ನಿನಲ್ಲೂ ಹಾಗೇ.

ಗೆಳತಿಯರ ಸಲಹೆಗಳು ಅಷ್ಟೊತ್ತಿಗೆ ಬಂದಿದ್ದವು. ಆಯಸ್ಕಾಂತ ಹಿಡಿ ಅಂತ ಒಬ್ಬಳು. ಪಿನ್ನು ಹೆಚ್ಚಾಗಿ ಹಿತ್ತಾಳೆಯದು. ದೇವರ ಮನೆಯ ಗಂಟೆಗೆ ಆಯಸ್ಕಾಂತ ಅಂಟುತ್ತದೆಯೇ? ಕಡ್ಡಿಗೆ ಸೂಪರ್ ಗ್ಲೂ ಹಚ್ಚು ಅಂತ ಇನ್ನೊಬ್ಬಳು. ಇದು ನನಗೆ ನಿಜಕ್ಕೂ ಭಯ. ಆ ಅಂಟು ಒಣಗಿ ಗಟ್ಟಿಯಾಗುವುದಲ್ಲ, ತೇವ ಸೋಕಿ ಗಟ್ಟಿಯಾಗುವುದು. ಧಾರವಾಡದ ಮಳೆಗಾಲದ ಗಾಳಿಯಲ್ಲಿ ತೇವಕ್ಕೇನು ಬರ! ಸಾಲದ್ದಕ್ಕೆ ಬತ್ತಿ ಎಣ್ಣೆ ಹೀರುವ ಹಾಗೆ ಸಂದಿಯೊಳಗೆ ತಾನೇ ಹರಿಯುತ್ತದೆ. ಒಂದು ಹನಿ ಜಾಸ್ತಿಯಾದರೆ ಚೂರು, ಸ್ಪ್ರಿಂಗು, ಗೋಡೆ ಎಲ್ಲ ಒಂದಾಗಿಬಿಡುತ್ತವೆ.

ಕೊನೆಗೆ ಹುಬ್ಬಳ್ಳಿ ಕೊಪ್ಪಿಕರ್ ರೋಡಿನ ಹತ್ತಿರದ ರಿಪೇರಿ ಅಂಗಡಿಗೆ ಹೋದೆವು. ಹುಡುಗ ಮೊದಲು ಕೇಳಿದ್ದೇ "ಅಂಟ ಹಾಕೀರೇನ್ರಿ ಅಕ್ಕಾರ?" ಅಂತ. ಇಲ್ಲ ಅಂದಮೇಲೆ ಮುಖ ಅರಳಿತು. ಲ್ಯಾಪ್‌ಟಾಪ್ ಆಫ್ ಮಾಡಿ, ಟಾರ್ಚ್ ಬಿಟ್ಟು ನೋಡಿದ. ಮುರಿದ ಸಲಾಕೆಯ ಮೊನೆ ಚೂರಿನಿಂದ ಒಂಚೂರು ಹೊರಗಿತ್ತು. ಖಾಲಿ ಬಾಲ್‌ಪೆನ್ ರೀಫಿಲ್ಲಿನ ಬಾಯಿ ನೆಟ್ಟಗೆ ಕತ್ತರಿಸಿ, ಲೈಟರಿನ ಶಾಖ ತಾಗಿಸಿ ಮೆತ್ತಗೆ ಮಾಡಿ, ಮೊನೆಗೆ ಸಿಕ್ಕಿಸಿ ಆರುವ ತನಕ ಅಲ್ಲಾಡದೆ ಹಿಡಿದ. ಆರಿದ ಪ್ಲಾಸ್ಟಿಕ್ ಕುಗ್ಗಿ ಬಿಗಿ ಹಿಡಿಯುತ್ತದೆ. ಮೊದಲ ಸಲ ಜಾರಿತು. ಎರಡನೇ ಸಲ ನೆಟ್ಟಗೆ ಎಳೆದ, ಬಂತು. "ಮೊನಿ ಇರಲಿಲ್ಲಂದ್ರ ಬಿಚ್ಚಿ ಜಾಕ್ ಬದಲ್ ಮಾಡ್ಬೇಕಿತ್ರಿ ಸರ" ಅಂದ.

ಅವಳು ಲ್ಯಾಪ್‌ಟಾಪ್ ಆನ್ ಮಾಡಿ, ನಿಲ್ಲಿಸಿದ್ದ ಕ್ಲಾಸನ್ನು ಒತ್ತಿದಳು. ವಾಲ್ಯೂಮ್ ಫುಲ್ ಇಟ್ಟಿದ್ದು ಮೂವರಿಗೂ ಮರೆತುಹೋಗಿತ್ತು. ಸಂವಿಧಾನದ 21ನೇ ವಿಧಿ ರಸ್ತೆಯ ಆಚೆ ಚಹಾದಂಗಡಿಯವರೆಗೂ ಕೇಳಿಸಿತು.