ದುಬೈ ಇರ್ಲಿ ಲಂಡನ್ ಇರ್ಲಿ, ಲೈಸೆನ್ಸ್ ಕೆಲಸ ಶುರು ಆಗೋದು ಕಲಬುರಗಿ ಆರ್‌ಟಿಒದಾಗೇ

ಪರದೇಶಕ್ಕ ಹೊಂಟೋರು ನಮ್ ಡ್ರೈವಿಂಗ್ ಸ್ಕೂಲಿಗೆ ಬಂದು ಕೇಳೋದು ಹೆಚ್ಚುಕಮ್ಮಿ ಒಂದೇ ಮಾತು ನೋಡ್ರಿ, "ಸರ್, ಇಂಟರ್‌ನ್ಯಾಷನಲ್ ಲೈಸೆನ್ಸ್ ಒಂದ್ ಮಾಡಿಸಿಕೊಟ್ಬಿಡ್ರಿ, ಅಲ್ಲಿ ಹೋಗಿ ಗಾಡಿ ಹೊಡೀಬೇಕು." ವೀಸಾ ಬಂದಿರ್ತದ, ಟಿಕೆಟ್ ಆಗಿರ್ತದ, ಹೈದರಾಬಾದಿಂದ ಫ್ಲೈಟ್ ಬರೋ ವಾರ ಇರ್ತದ, ಆವಾಗ ಬರ್ತಾರ. ಅವರು ಕೇಳೋ ಈ ಐಡಿಪಿ (ಇಂಟರ್‌ನ್ಯಾಷನಲ್ ಡ್ರೈವಿಂಗ್ ಪರ್ಮಿಟ್) ಮಾಡಿಸೋದು ದೊಡ್ಡ ಕೆಲಸ ಅಲ್ಲ, ಮಾಡಿಸ್ಕೊಂಡು ಹೋಗ್ರಿ, ಆದ್ರ ಅದು ಏನು ಅನ್ನೋದು ಮೊದಲ ತಿಳ್ಕೊಂಡು ಹೋಗ್ರಿ. ಅದು ಲೈಸೆನ್ಸ್ ಅಲ್ಲವೇ ಅಲ್ಲ. 1949ರ ಜಿನೀವಾ ಒಪ್ಪಂದದ ಪ್ರಕಾರ ನಮ್ಮ ಲೈಸೆನ್ಸಿನಾಗ ಏನ್ ಬರದದ ಅದನ್ನ ಬೇರೆ ದೇಶದ ಪೊಲೀಸರಿಗೆ ತಿಳಿಯೋ ಹಂಗ ಬರಕೊಟ್ಟ ಒಂದು ಪುಸ್ತಕ, ಅಷ್ಟೇ. ಜೋಡಿ ಒರಿಜಿನಲ್ ಡಿಎಲ್ ಇಲ್ಲಾಂದ್ರ ಅದಕ್ಕ ಬೆಲೆ ಇಲ್ಲ. ಒಂದು ವರ್ಷಕ್ಕಿಂತ ಹೆಚ್ಚಿಗಿ ನಡೆಯಂಗಿಲ್ಲ, ನಡುವ ನಿಮ್ಮ ಡಿಎಲ್ ಮುಗಿದ್ರ ಇದೂ ಮುಗೀತು.

ಐಡಿಪಿ ಕೊಡೋದು ಆರ್‌ಟಿಒ. ಫಾರ್ಮ್ 4ಎ, ಡಿಎಲ್, ಪಾಸ್‌ಪೋರ್ಟ್, ಫೀಸು 1000 ರೂಪಾಯಿ. ಫೋನಿನಾಗ "ಮನ್ಯಾಗ ಕುಂತು ಇಂಟರ್‌ನ್ಯಾಷನಲ್ ಲೈಸೆನ್ಸ್ ತಗೋರಿ, 3 ವರ್ಷ ವ್ಯಾಲಿಡಿಟಿ" ಅಂತ ಡಾಲರ್ ಲೆಕ್ಕದಾಗ ರೊಕ್ಕ ಕೇಳೋ ಜಾಹೀರಾತು ಬರ್ತಾವಲ್ಲ, ಅವನ್ನ ನಂಬ್ಯಾಡ್ರಿ. ಛಂದ ಪ್ರಿಂಟ್ ಮಾಡಿ ಕಳಿಸ್ತಾರ, ಖರೇ, ಆದ್ರ ಪೊಲೀಸ್ ಹಿಡಿದ ದಿನ ಅದು ರದ್ದಿ ಕಾಗದ.

ಈಗ ಮುಖ್ಯ ಮಾತಿಗೆ ಬರ್ತೀನಿ. ಐಡಿಪಿ ಇರೋದು ತಿರುಗಾಡಲಿಕ್ಕ ಹೋದವರಿಗಿ. ಮಗಳ ಮನಿಗೆ ಮೂರು ತಿಂಗಳು ಹೋಗಿಬರೋ ಅಪ್ಪ ಅವ್ವಗ, ಕಂಪನಿ ಕೆಲಸಕ್ಕ ನಾಕು ವಾರ ಹೋದವನಿಗಿ ಅದು ನಡೀತದ. ನೀವು ಅಲ್ಲಿ ಇರ್ಲಿಕ್ಕೇ ಹೋದ್ರಿ, ಸೌದಿಯ ವಾಸದ ಪರವಾನಗಿ ಇಕಾಮಾ ಬಂತು, ಯುಎಇದ ಎಮಿರೇಟ್ಸ್ ಐಡಿ ಬಂತು, ಅಂದ್ರ ಕಾನೂನಿನ ಕಣ್ಣಾಗ ನೀವು ಬೀಗರಲ್ಲ, ಮನಿಯವರು, ನಿಮಗ ಬೇರೆ ಲೆಕ್ಕ. ದುಬೈದಾಗ ವಿಸಿಟ್ ವೀಸಾದ ಮ್ಯಾಲ ಐಡಿಪಿ ಹಿಡ್ಕೊಂಡು ಬಾಡಿಗಿ ಕಾರ್ ಹೊಡದವನೇ ರೆಸಿಡೆನ್ಸ್ ಆದಮ್ಯಾಲ ಅದೇ ಐಡಿಪಿ ಮ್ಯಾಲ ಹೊಡದ್ರ ಲೈಸೆನ್ಸ್ ಇಲ್ದಂಗ ಹೊಡದಂಗೇ. ದಂಡ ಹೆಂಗರ ಕಟ್ಟಬಹುದು, ಆಕ್ಸಿಡೆಂಟ್ ಆದ್ರ ಇನ್ಶೂರೆನ್ಸ್ ಕಂಪನಿ ಕೈ ಎತ್ತಿದಾಗ ಏನ್ ಮಾಡ್ತೀರಿ?

"ಹಂಗಾದ್ರ ನಮ್ಮ ಲೈಸೆನ್ಸ್ ಕೊಟ್ಟು ಅವರದು ತಗೊಳ್ಳಿಕ್ಕ ಬರಂಗಿಲ್ಲೇನ್ರಿ?" ಅಂತ ಕೇಳ್ತಾರ. ಬರ್ತದ, ಆದ್ರ ಅವರ ಪಟ್ಟಿಯಾಗ ಇರೋ ದೇಶದವರಿಗಿ. ಬ್ರಿಟನ್, ಜರ್ಮನಿ, ಯುಎಇ, ಕತಾರ್, ಎಲ್ಲಾರ ಕಡಿ ಒಂದೊಂದು ಪಟ್ಟಿ ಅದ, ಆ ಪಟ್ಟಿಯಾಗ ಇಂಡಿಯಾ ಇಲ್ಲ. ಸಿಟ್ಟು ಬರ್ತದ, ಹತ್ತು ಹದಿನೈದು ವರ್ಷ ಹುಮನಾಬಾದ್ ರೋಡಿನಾಗ ಲಾರಿ ನಡುವ ಗಾಡಿ ಹೊಡದವಂಗ ಮತ್ತ ಎಲ್ ಬೋರ್ಡ್ ಹಚ್ಚು ಅಂದ್ರ ಯಾರಿಗಿ ಸಿಟ್ಟು ಬರಂಗಿಲ್ಲ! ಆದ್ರ ನಮ್ಮ ಕಡಿ ಎಂಟು ಹಾಕಿ ತೋರಿಸಿದ್ರ ಟೆಸ್ಟ್ ಮುಗೀತು ಅನ್ನೋದು ಅವರಿಗೂ ಗೊತ್ತದ ನಮಗೂ ಗೊತ್ತದ, ಡ್ರೈವಿಂಗ್ ಸ್ಕೂಲ್ ಇಟ್ಕೊಂಡ ನಾನೇ ಈ ಮಾತು ಹೇಳ್ಲಕತ್ತೀನಿ ಅಂದ್ರ ತಿಳ್ಕೋರಿ.

ಹಂಗಂತ ನಮ್ಮ ಲೈಸೆನ್ಸ್ ದಂಡ ಅಲ್ಲ. ಅದರ ಬೆಲೆ ಇರೋದು ಅದರ ವಯಸ್ಸಿನಾಗ. ಎಷ್ಟು ವರ್ಷದಿಂದ ಲೈಸೆನ್ಸ್ ಅದ ಅಂತ ಕಾಗದದ ಮ್ಯಾಲ ತೋರಿಸಿದ್ರ ಅಲ್ಲಿ ನಿಮಗ ಕ್ಲಾಸ್ ಕಮ್ಮಿ, ಕಾಯೋದು ಕಮ್ಮಿ, ಖರ್ಚೂ ಕಮ್ಮಿ. ದುಬೈ ನೋಡ್ರಿ, ಹೊಸಬರಿಗಿ ಇಷ್ಟು ಕ್ಲಾಸ್ ಆಗಲೇಬೇಕು ಅಂತ ಅದ, ಐದು ವರ್ಷದ ಹಳೇ ಲೈಸೆನ್ಸ್ ಇದ್ದವರಿಗಿ ಅದರಾಗ ಹೆಚ್ಚುಕಮ್ಮಿ ಅರ್ಧ. ಮ್ಯಾಲ 2023ರಿಂದ ಗೋಲ್ಡನ್ ಚಾನ್ಸ್ ಅಂತ ಒಂದು ಬಂದದ, ಊರಿನ ಲೈಸೆನ್ಸ್ ಇದ್ದವರು ಕ್ಲಾಸಿಗಿ ಕೂಡದೇ ಒಂದು ಸಲ ಸೀದಾ ಟೆಸ್ಟಿಗಿ ಹೋಗಬಹುದು, ಪಾಸಾದ್ರ ಸಾವಿರಾರು ದಿರ್ಹಮ್ ಉಳೀತು, ಫೇಲಾದ್ರ ಎಲ್ಲಾರಂಗ ಕ್ಲಾಸು. ಇರೋದು ಒಂದೇ ಸಲ, ಅದಕ್ಕ ಹೋದ ವಾರವೇ ಜೋಶಿನಾಗ ಬುಕ್ ಮಾಡ್ಬ್ಯಾಡ್ರಿ, ಅಲ್ಲಿ ಬಲಗಡಿ ರೋಡಿನಾಗ ಗೆಳೆಯನ ಜೋಡಿ ಪಕ್ಕದ ಸೀಟಿನಾಗ ಕುಂತು ಸ್ವಲ್ಪ ದಿನ ಕಣ್ಣು ರೂಢಿ ಮಾಡ್ಕೋರಿ, ಆಮ್ಯಾಲ ಹೋಗ್ರಿ.

ಕೆನಡಾದ ಒಂಟಾರಿಯೋದಾಗ ಇದು ಇನ್ನೂ ಜೋರು. ಅಲ್ಲಿ ಜಿ1, ಜಿ2, ಜಿ ಅಂತ ಮೆಟ್ಟಿಲು ಅದಾವ, ಹೊಸಬ ಒಂದೊಂದು ಮೆಟ್ಟಿಲಿನಾಗ ತಿಂಗಳುಗಟ್ಟಲೆ ಕಾಯಬೇಕು. ಎರಡು ವರ್ಷಕ್ಕಿಂತ ಹೆಚ್ಚಿಗಿ ಅನುಭವ ಅದ ಅಂತ ಅಧಿಕೃತ ಕಾಗದ ತೋರಿಸಿದ್ರ ಬರಿಯೋ ಟೆಸ್ಟ್ ಮುಗಿಸಿ ಸೀದಾ ಕಡೀ ಟೆಸ್ಟಿಗಿ ಹೋಗಲಿಕ್ಕ ಬರ್ತದ. ಆ ಕಾಗದಕ್ಕ ಬೇಕಾಗೋದು ನಮ್ಮ ಆರ್‌ಟಿಒ ಕೊಡೋ ಡಿಎಲ್ ಎಕ್ಸ್‌ಟ್ರಾಕ್ಟ್, ಮೊದಲ ಯಾವಾಗ ಲೈಸೆನ್ಸ್ ಆಯ್ತು, ಯಾವ ಗಾಡಿಗಿ, ಎಲ್ಲಿತನ ಅದ ಅಂತ ದಾಖಲೆಯಿಂದ ತೆಗದು ಕೊಡೋದು. ಅದನ್ನ ಅಲ್ಲಿ ಇಂಡಿಯನ್ ಕಾನ್ಸುಲೇಟಿನ ಕಡಿಯಿಂದ ದೃಢೀಕರಣ ಮಾಡಿಸ್ಕೋಬೇಕು. ಬರೀ ಕಾರ್ಡ್ ತೋರಿಸಿದ್ರ ಅಷ್ಟು ಲೆಕ್ಕಕ್ಕ ತಗೊಳ್ಳಂಗಿಲ್ಲ.

ಇಲ್ಲೇ ನಮ್ಮ ಮಂದಿ ಸಿಗಿಬೀಳೋದು. ನಮ್ಮ ಭಾಗದಾಗ ಎಷ್ಟೋ ಜನರ ಲೈಸೆನ್ಸ್ ಇನ್ನೂ ಹಳೇ ಪುಸ್ತಕದಂಥದ್ದು, ಪ್ಲಾಸ್ಟಿಕ್ ಕವರಿನಾಗ ಮಡಚಿ ಮಡಚಿ ಫೋಟೋ ಅಳಿಸಿ ಹೋಗಿರ್ತದ, ನಂಬರ್ ಸಾರಥಿ ವೆಬ್‌ಸೈಟಿನಾಗ ಹಾಕಿದ್ರ ರೆಕಾರ್ಡೇ ಇಲ್ಲ ಅಂತದ. ಅಂಥವ್ರು ಮೊದಲ ಆರ್‌ಟಿಒಕ್ಕ ಹೋಗಿ ಬ್ಯಾಕ್‌ಲಾಗ್ ಎಂಟ್ರಿ, ಅಂದ್ರ ಹಳೇ ದಾಖಲೆ ಕಂಪ್ಯೂಟರಿಗಿ ಏರಿಸೋದು, ಮಾಡಿಸಬೇಕು, ಕಲಬುರಗಿ ಕೆಎ 32 ಇರ್ಲಿ, ಯಾದಗಿರಿ 33 ಇರ್ಲಿ, ಬೀದರ್ 38 ಇರ್ಲಿ, ಯಾವ ಆಫೀಸಿನಾಗ ಲೈಸೆನ್ಸ್ ಆಗಿತ್ತೋ ಅಲ್ಲೇ. ಹಳೇ ರಜಿಸ್ಟರ್ ತೆಗದು ನೋಡಬೇಕಾಗ್ತದ, ಒಂದೇ ದಿನದಾಗ ಆಗೋ ಕೆಲಸ ಅಲ್ಲ, ಫ್ಲೈಟ್ ವಾರದಾಗ ಬಂದು ನಿಂತ್ರ ನಾನೇನು, ಯಾರೂ ಏನೂ ಮಾಡ್ಲಿಕ್ಕಾಗಂಗಿಲ್ಲ. ಹೊಸ ಕಾರ್ಡ್ ಬಂದಮ್ಯಾಲ ಅದರಾಗ ಮೊದಲ ಲೈಸೆನ್ಸ್ ಆದ ತಾರೀಕು ಅದನೋ, ರಿನ್ಯೂವಲ್ ಆದ ತಾರೀಕು ಅಷ್ಟೇ ಅದನೋ ಕಣ್ಣಾಗ ಎಣ್ಣಿ ಹಾಕ್ಕೊಂಡು ನೋಡ್ರಿ. ರಿನ್ಯೂವಲ್ ತಾರೀಕು ಒಂದೇ ಇತ್ತಂದ್ರ ಇಪ್ಪತ್ತು ವರ್ಷದ ಡ್ರೈವರ್ ಅಲ್ಲಿ ಆರು ತಿಂಗಳ ಡ್ರೈವರ್ ಆಗ್ತಾನ.

ಹೆಸರಿನದು ಇನ್ನೊಂದು ಕಥಿ. ಪಾಸ್‌ಪೋರ್ಟಿನಾಗ ಅಡ್ಡಹೆಸರು ಜೋಡಿ ಉದ್ದ ಹೆಸರು, ಲೈಸೆನ್ಸಿನಾಗ ಬರೀ ಶರಣಪ್ಪ. ಅಥವಾ ಮದುವಿ ಆದಮ್ಯಾಲ ಹೆಣ್ಮಕ್ಕಳ ಪಾಸ್‌ಪೋರ್ಟಿನಾಗ ಗಂಡನ ಮನಿ ಹೆಸರು, ಲೈಸೆನ್ಸಿನಾಗ ತವರಿಂದು. ಇಲ್ಲಿ ಯಾರೂ ಕೇಳಂಗಿಲ್ಲ, ಅಲ್ಲಿ ಕೌಂಟರಿನಾಗ ಕುಂತವನಿಗಿ ಇವು ಎರಡು ಬ್ಯಾರೆ ಬ್ಯಾರೆ ಮನುಷ್ಯರು. ಪಾಸ್‌ಪೋರ್ಟ್ ಹೆಂಗದ ಹಂಗ ಡಿಎಲ್ ತಿದ್ದಿಸ್ಕೋರಿ. 2014ಕ್ಕಿಂತ ಮುಂಚಿನ ಕಾಗದದಾಗ ಗುಲ್ಬರ್ಗಾ, ಆಮ್ಯಾಲಿನವಕ್ಕ ಕಲಬುರಗಿ ಅಂತ ಇರ್ತದಲ್ಲ, ಅದಕ್ಕ ಮಾತ್ರ ತಲಿ ಕೆಡಿಸ್ಕೋಬ್ಯಾಡ್ರಿ, ಕೇಳಿದ್ರ ಊರಿನ ಹೆಸರು ಬದಲಾಗ್ಯದ ಅಂತ ಹೇಳಿದ್ರ ಸಾಕು.

ರಿನ್ಯೂವಲ್ ಬಗ್ಗೆ: ಲೈಸೆನ್ಸ್ ಮುಗಿಯೋಕ್ಕಿಂತ ಒಂದು ವರ್ಷ ಮೊದಲೇ ಮಾಡಿಸ್ಲಿಕ್ಕ ಬರ್ತದ. ಎರಡು ವರ್ಷದ ಕಾಂಟ್ರಾಕ್ಟ್ ಮ್ಯಾಲ ಹೊಂಟೀರಿ, ಲೈಸೆನ್ಸ್ ಇನ್ನ ಎಂಟು ತಿಂಗಳಿಗಿ ಮುಗೀತದ ಅಂದ್ರ ಮಾಡಿಸಿಯೇ ಹೋಗ್ರಿ. ಮುಗಿದು ಒಂದು ವರ್ಷ ದಾಟಿತು ಅಂದ್ರ ಊರಿಗಿ ಬಂದು ಮತ್ತ ಟೆಸ್ಟ್ ಕೊಡಬೇಕು, ಇದು 2019ರಾಗ ಮೋಟಾರ್ ವಾಹನ ಕಾಯ್ದೆ ತಿದ್ದುಪಡಿ ಆದಾಗಿಂದ.

ಇನ್ನ ಮದುವಿ ಗೊತ್ತಾಗಿ ಗಂಡನ ಜೋಡಿ ಹೊಂಟಿರೋ ಹೆಣ್ಮಕ್ಕಳು, ಓದ್ಲಿಕ್ಕ ಹೊಂಟಿರೋ ಹುಡುಗರು, "ಹೋಗೋದ್ರಾಗ ಒಂದು ಲೈಸೆನ್ಸ್ ಕೈಯಾಗ ಇರ್ಲಿ" ಅಂತ ಬರ್ತಾರ. ಒಳ್ಳೇದೇ, ಕಲೀರಿ. ಆದ್ರ ಎಲ್‌ಎಲ್ (ಲರ್ನರ್ ಲೈಸೆನ್ಸ್) ಆದ ದಿನದಿಂದ 30 ದಿನ ಆಗದೇ ಡಿಎಲ್ ಟೆಸ್ಟ್ ಕೊಡಂಗಿಲ್ಲ, ಅದನ್ನ ಲೆಕ್ಕ ಹಾಕ್ಕೊಂಡು ಬರ್ರಿ. ಬೀದರಿನ ಒಬ್ಬಾಕಿ ಸಾಫ್ಟ್‌ವೇರ್ ಹುಡುಗಿ ಜರ್ಮನಿಗಿ ಹೋಗಿ ನೆಲೆನಿಂತಮ್ಯಾಲ ಫೋನ್ ಮಾಡಿದ್ಳು, "ಅಣ್ಣಾ, ರಜಾಕ್ಕ ಬಂದಾಗ ಅಲ್ಲೇ ಲೈಸೆನ್ಸ್ ಮಾಡಿಸ್ಕೊಂಡು ಬರ್ತೀನಿ, ಇಲ್ಲಿ ಭಾಳ ರೊಕ್ಕ ಕೇಳ್ತಾರ" ಅಂತ. ಬ್ಯಾಡವ್ವ ಅಂದೆ. ಜರ್ಮನಿ ವಾಸಿ ಆದಮ್ಯಾಲ ರಜಾದಾಗ ಬಂದು ತಗೊಂಡ ಲೈಸೆನ್ಸ್ ಅವರು ಒಪ್ಪಂಗಿಲ್ಲ, ತಗೊಂಡಾಗ ಕನಿಷ್ಠ 185 ದಿನ ಆ ದೇಶದಾಗೇ ವಾಸ ಇದ್ದಿರಬೇಕು ಅಂತ ನಿಯಮ. ಹೋಗೋಕ್ಕಿಂತ ಮುಂಚೆ ಆಗಿದ್ದ ಲೈಸೆನ್ಸ್ ಇದ್ರ ಅಲ್ಲಿ 6 ತಿಂಗಳು ಅನುವಾದದ ಕಾಗದ ಇಲ್ಲಾ ಐಡಿಪಿ ಜೋಡಿ ಹೊಡೀಬಹುದು, ಆಮ್ಯಾಲ ಬರಿಯೋ ಟೆಸ್ಟು, ರೋಡ್ ಟೆಸ್ಟು ಎರಡೂ ಕೊಡಬೇಕು, ಕಣ್ಣಿನ ಪರೀಕ್ಷಿ, ಪ್ರಥಮ ಚಿಕಿತ್ಸಿ ಕೋರ್ಸು. ಆದ್ರ ಹೊಸಬರಿಗಿ ಕಡ್ಡಾಯ ಇರೋ ಕ್ಲಾಸಿನ ಲೆಕ್ಕ ಹಳೇ ಲೈಸೆನ್ಸ್ ಇದ್ದವರಿಗಿ ಇಲ್ಲ, ಅಷ್ಟು ಉಳೀತದ.

ಬ್ರಿಟನ್‌ದಾಗ ನಮ್ಮ ಡಿಎಲ್ ಮ್ಯಾಲ 12 ತಿಂಗಳು ಹೊಡೀಬಹುದು. ಆ ವರ್ಷ ಮುಗಿಯೋತನ ಸುಮ್ನ ಕೂಡೋರೇ ಭಾಳ. ಪ್ರಾವಿಷನಲ್ ಲೈಸೆನ್ಸ್, ಅಂದ್ರ ಅಲ್ಲಿನ ಎಲ್‌ಎಲ್, ಬೇಗನ ತಗೋರಿ, ಥಿಯರಿ ಟೆಸ್ಟಿನಾಗ 50ಕ್ಕ 43 ಬರಬೇಕು, ಅದರ ಜೋಡಿ ವಿಡಿಯೋ ನೋಡಿ ಅಪಾಯ ಗುರುತಿಸೋದು ಬ್ಯಾರೆ, ಆಮ್ಯಾಲ ರೋಡ್ ಟೆಸ್ಟಿನ ತಾರೀಕು ಸಿಗೋದಕ್ಕೇ ತಿಂಗಳುಗಟ್ಟಲೆ ಆಗ್ತದ. ಆಟೋಮ್ಯಾಟಿಕ್ ಕಾರಿನಾಗ ಪಾಸಾದ್ರ ಗೇರಿಂದು ಹೊಡ್ಯಾಂಗಿಲ್ಲ, ಅದನ್ನೂ ಯೋಚನಿ ಮಾಡ್ರಿ. ಆಸ್ಟ್ರೇಲಿಯಾದ ನ್ಯೂ ಸೌತ್ ವೇಲ್ಸ್, ವಿಕ್ಟೋರಿಯಾ ಕಡಿ ಟೆಂಪರರಿ ವೀಸಾದವರಿಗಿ 6 ತಿಂಗಳು. ಸಿಂಗಾಪುರ ಮಾತ್ರ ಸ್ವಲ್ಪ ಉದಾರಿ, ಥಿಯರಿ ಪಾಸಾದ್ರ ಕಾರಿನ ಲೈಸೆನ್ಸ್ ಬದಲಿ ಮಾಡಿಕೊಡ್ತಾರ. ಅಮೆರಿಕಾ ಅಂದ್ರ ಒಂದೇ ಉತ್ತರ ಇಲ್ಲ, ರಾಜ್ಯಕ್ಕೊಂದು ಕಾನೂನು, ಟೆಕ್ಸಾಸಿನಾಗ ಊರಿನ ಡಿಎಲ್ ಮ್ಯಾಲ 90 ದಿನ, ಕ್ಯಾಲಿಫೋರ್ನಿಯಾದಾಗ ವಾಸಿ ಆದ 10 ದಿನದಾಗ ಅಲ್ಲಿನ ಲೈಸೆನ್ಸಿಗಿ ಅರ್ಜಿ ಹಾಕಬೇಕು. ಟೆಕ್ಸಾಸಿನ ಡಲ್ಲಾಸ್‌ದಾಗಿರೋ ಮಾವನ ಮಗ ಹೇಳಿದ್ದು ಕ್ಯಾಲಿಫೋರ್ನಿಯಾದ ಸ್ಯಾನ್ ಹೋಸೆದಾಗ ನಡಿಯಂಗಿಲ್ಲ.

ಗಲ್ಫಿಗಿ ಡ್ರೈವರ್ ಕೆಲಸಕ್ಕೇ ಹೋಗೋರಿಗಿ ನಾಕು ಮಾತು ಹೆಚ್ಚಿಗಿ ಹೇಳ್ತೀನಿ, ಯಾಕಂದ್ರ ಆಳಂದ, ಚಿತ್ತಾಪುರ, ಶಹಾಪುರ ಕಡಿ ಹಳ್ಳಿಗಳಿಂದ ಬರೋ ಹುಡುಗರೇ ಹೆಚ್ಚಿಗಿ ಮೋಸ ಹೋಗೋದು. ಏಜೆಂಟ್ "ನಿನ್ ಹೆವಿ ಲೈಸೆನ್ಸ್ ಅದಲ್ಲ, ಹೋದ ಮರುದಿನ ಟ್ರೇಲರ್ ಹೊಡೀತಿ" ಅಂತ ಹೇಳ್ತಾನ, ಸುಳ್ಳು. ಅಲ್ಲಿ ಅವರ ಹೆವಿ ಲೈಸೆನ್ಸ್ ಬೇಕೇ ಬೇಕು, ಅದಕ್ಕೇ ಜಾಹೀರಾತಿನಾಗ "ಜಿಸಿಸಿ ಲೈಸೆನ್ಸ್ ಇದ್ದವರಿಗಿ", ಅಂದ್ರ ಗಲ್ಫ್ ದೇಶದ ಲೈಸೆನ್ಸ್ ಇದ್ದವರಿಗಿ, ಅಂತ ಬರದಿರ್ತಾರ. ಲೈಸೆನ್ಸ್ ಕ್ಲಾಸಿನ ಖರ್ಚು ಯಾರದು, ಕಫೀಲ್ (ಅಲ್ಲಿ ಕೆಲಸಕ್ಕ ಕರಸ್ಕೊಂಡ ಮಾಲಕ) ಕೊಡ್ತಾನೋ ಪಗಾರದಾಗ ಕಡಿತಾನೋ, ಎಷ್ಟು ಸಲ ಫೇಲಾದ್ರ ಏನು, ಫೇಲಾದಷ್ಟು ದಿನ ಪಗಾರ ಅದನೋ ಇಲ್ಲೋ, ಇವನ್ನ ಸಹಿ ಮಾಡೋ ಮುಂಚೆ ಬರವಣಿಗಿಯಾಗ ತಗೋರಿ. ಸೌದಿದಾಗ ಲೈಸೆನ್ಸ್ ಫೀಸ್ ವರ್ಷಕ್ಕ 40 ರಿಯಾಲ್ ಲೆಕ್ಕ, ಅದು ದೊಡ್ಡದಲ್ಲ, ಅದರ ಮುಂಚಿನ ಸ್ಕೂಲು, ಮೆಡಿಕಲ್ಲು, ಓಡಾಟ ಇವೇ ಜೇಬು ಖಾಲಿ ಮಾಡೋದು. ಹತ್ತನೇ ಪಾಸ್ ಆಗದವರ ಪಾಸ್‌ಪೋರ್ಟ್ ಇಸಿಆರ್ (ಎಮಿಗ್ರೇಶನ್ ಚೆಕ್ ರಿಕ್ವೈರ್ಡ್) ಇರ್ತದ, ಅಂಥವ್ರು ಸೌದಿ, ಯುಎಇ, ಕುವೈತ್, ಕತಾರಿಗಿ ಕೆಲಸಕ್ಕ ಹೋಗ್ಲಿಕ್ಕ ಸರ್ಕಾರದ ಇ-ಮೈಗ್ರೇಟ್ ವೆಬ್‌ಸೈಟ್ ಮೂಲಕ ಕ್ಲಿಯರೆನ್ಸ್ ಬೇಕು, ಏಜೆಂಟ್ ಅದರಾಗ ರಜಿಸ್ಟರ್ ಇದ್ದಾನೋ ಇಲ್ಲೋ ನೀವೇ ನೋಡಬಹುದು. ವಿಸಿಟ್ ವೀಸಾದಾಗ ಕಳಿಸಿ ಆಮ್ಯಾಲ ಬದಲಿ ಮಾಡಿಸ್ತೀನಿ ಅಂದ್ರ ಅಲ್ಲೇ ಎದ್ದು ಬರ್ರಿ.

ಅಂದಹಂಗ ಸೌದಿದಾಗ 2018ರ ಜೂನಿನಿಂದ ಹೆಣ್ಮಕ್ಕಳೂ ಗಾಡಿ ಹೊಡೀತಾರ. ಗಂಡ ರಿಯಾದಿನಾಗ ಇದ್ದಾನಂತ ಸ್ಕೂಟಿಯಿಂದ ಕಾರಿಗಿ ಬಡ್ತಿ ತಗೊಂಡು ಹೋಗೋರು ನಮ್ಮ ಸ್ಕೂಲಿಗೂ ಬರ್ಲಕತ್ತಾರ, ಖುಷಿ ಆಗ್ತದ.

ಟೆಸ್ಟಿನಾಗ ನಮ್ಮವರು ಫೇಲಾಗೋದು ಗಾಡಿ ಹೊಡಿಲಿಕ್ಕ ಬರದೇ ಅಲ್ಲ, ಭಾಳ ಬರ್ತದ ಅಂತ. ಕಲಬುರಗಿ ಜಗತ್ ಸರ್ಕಲಿನಾಗ ನಾವು ಹೆಂಗ ನುಗ್ತೀವಿ ನೋಡ್ರಿ, ಮೂತಿ ಮುಂದ ಹಾಕಿದವನೇ ಮೊದಲು. ಅಲ್ಲಿ ಸರ್ಕಲಿನ ಒಳಗ ಇರೋ ಗಾಡಿಗಿ ದಾರಿ, ಹೊರಗಿನವ ನಿಲ್ಲಬೇಕು. ಸ್ಟಾಪ್ ಬೋರ್ಡ್ ಅಂದ್ರ ರೋಡಿನಾಗ ನರಪಿಳ್ಳಿ ಇರಲಿಲ್ಲಂದ್ರೂ ಗಾಲಿ ಪೂರ್ತಿ ನಿಲ್ಲಬೇಕು, ಮೆಲ್ಲಕ ಉರುಳಿಸ್ಕೊಂಡು ಹೋದ್ರ ಅಮೆರಿಕಾದಾಗ ಟೆಸ್ಟ್ ಅಲ್ಲೇ ಮುಗೀತು. ಹಳದಿ ಸ್ಕೂಲ್ ಬಸ್ ಕೆಂಪು ಲೈಟ್ ಹಚ್ಚಿ ನಿಂತ್ರ ಎದುರಿಂದ ಬರೋರೂ ನಿಲ್ಲಬೇಕು. ಕನ್ನಡಿ ನೋಡಿದ್ರ ಸಾಲಂಗಿಲ್ಲ, ಲೇನ್ ಬದಲಿ ಮಾಡೋ ಮುಂಚೆ ಕತ್ತು ತಿರುಗಿಸಿ ನೋಡಿದ್ದು ಎಕ್ಸಾಮಿನರಿಗಿ ಕಾಣಬೇಕು. ಹಾರನ್ ಮ್ಯಾಲಿನ ಕೈ ತೆಗೀರಿ. ಇದಿಷ್ಟನ್ನ ಹೋಗೋ ಒಂದು ತಿಂಗಳು ಮುಂಚಿಂದ ಇಲ್ಲೇ ರಿಂಗ್ ರೋಡಿನಾಗ ಮುಂಜಾನೆ ರೂಢಿ ಮಾಡ್ರಿ, ಹಿಂದಿನವ ಬೈತಾನ, ಬೈಲಿ ಬಿಡ್ರಿ.

ಕಡೀಕ ಒಂದು ಸಣ್ಣ ಕೆಲಸ. ಸಾರಥಿಯಾಗ ನಿಮ್ಮ ಡಿಎಲ್ ಜೋಡಿ ಯಾವ ಮೊಬೈಲ್ ನಂಬರ್ ಅದ ನೋಡ್ಕೋರಿ. ಎಕ್ಸ್‌ಟ್ರಾಕ್ಟ್ ಇರ್ಲಿ, ರಿನ್ಯೂವಲ್ ಇರ್ಲಿ, ಓಟಿಪಿ ಬರೋದು ಅದಕ್ಕೇ. ಪರದೇಶಕ್ಕ ಹೋದಮ್ಯಾಲ ರೀಚಾರ್ಜ್ ಮಾಡದೇ ಆ ಸಿಮ್ ಬಂದ್ ಆಗ್ತದ, ನಂಬರ್ ಇನ್ಯಾರಿಗೋ ಹೋಗ್ತದ, ಆವಾಗ ಟೊರೊಂಟೋದಿಂದ ರಾತ್ರಿ ಎರಡಕ್ಕ ಎಬ್ಬಿಸಿ "ಸರ್ ಓಟಿಪಿ ಬರ್ಲಕತ್ತಿಲ್ಲ" ಅಂದ್ರ ನನ್ ಕೈಯಾಗೂ ಏನಿಲ್ಲ. ಆ ಸಿಮ್ ಚಾಲೂ ಇಡ್ರಿ, ಇಲ್ಲಾ ಹೋಗೋ ಮುಂಚೆ ಅಪ್ಪಂದೋ ತಮ್ಮಂದೋ ನಂಬರ್ ಹಾಕಿಸಿ ಹೋಗ್ರಿ. ತಮ್ಮಂದು ಹಾಕ್ಸಿದ್ರ ಅವನೂ ಮುಂದಿನ ವರ್ಷ ದುಬೈಗಿ ಹೋಗೋನು ಅಲ್ಲ ಅಂತ ಮೊದಲ ಕೇಳ್ಕೋರಿ.